ಸೀಲ್ ಒಡೆಯದೆ ಸರಕು ಕದಿಯಬಹುದೇ?

ಪ್ರಶ್ನೆ: ನಮ್ಮದು ಸಕಲೇಶಪುರದ ಕಡೆ ಸಣ್ಣ ಕಾಫಿ ತೋಟ. ನಾವು ಮಾರಿದ ಕಾಫಿ ಕ್ಯೂರಿಂಗ್ ಆಗಿ, ಕಂಟೇನರಿಗೆ ತುಂಬಿ, ಮಂಗಳೂರು ಬಂದರಿನಿಂದ ಯುರೋಪಿಗೆ ಹೋಗುತ್ತದೆ. ಮೊದಲೆಲ್ಲ ದಾರಿಯಲ್ಲಿ ಚೀಲ ಕಡಿಮೆಯಾದ ಸುದ್ದಿ ಕೇಳುತ್ತಿದ್ದೆವು. ಈಗ ಎಲೆಕ್ಟ್ರಾನಿಕ್ ಸೀಲ್ ಬಂದಿದೆ, ಕಂಟೇನರ್ ಎಲ್ಲಿದೆ ಎಂದು ಮೊಬೈಲಿನಲ್ಲೇ ನೋಡಬಹುದು, ಇನ್ನೇನೂ ಭಯವಿಲ್ಲ ಎನ್ನುತ್ತಾರೆ. ಇವೆಲ್ಲ ಕೆಲಸ ಮಾಡುವುದು ಹೇಗೆ? ಕಳ್ಳತನ ನಿಜಕ್ಕೂ ನಿಂತಿದೆಯೇ? ಮುಂದೆ ನಾವು ಕೆಲವರು ಸೇರಿ ನೇರವಾಗಿ ರಫ್ತು ಮಾಡುವ ಯೋಚನೆಯಲ್ಲಿದ್ದೇವೆ, ಅದಕ್ಕಾಗಿ ಕೇಳುತ್ತಿದ್ದೇನೆ.
(ಒಬ್ಬ ಓದುಗರು, ಸಕಲೇಶಪುರ)

ಉತ್ತರ: ನಿಂತಿಲ್ಲ, ಜಾಗ ಬದಲಿಸಿದೆ. ಮೊದಲು ಕಳ್ಳನಿಗೆ ಬೇಕಿದ್ದದ್ದು ಒಂದು ಕಟರ್ ಮತ್ತು ಒಂದಿಷ್ಟು ಕತ್ತಲು. ಈಗ ಕೆಲವು ಕಡೆ ಒಂದು ಪಾಸ್‌ವರ್ಡ್ ಸಿಕ್ಕಿದರೆ ಸಾಕು. ಹಾಗೆಂದು ಡಿಜಿಟಲ್ ವ್ಯವಸ್ಥೆಯಿಂದ ಲಾಭವೇ ಆಗಿಲ್ಲ ಎಂದಲ್ಲ, ಚೆನ್ನಾಗಿಯೇ ಆಗಿದೆ. ಆದರೆ ನೀವು ಹೇಳಿದ ಸಾಧನಗಳಲ್ಲಿ ಯಾವುದೂ ಬೀಗದ ಕೆಲಸ ಮಾಡುವುದಿಲ್ಲ, ಎಲ್ಲವೂ ಸಾಕ್ಷಿ ಹೇಳುತ್ತವೆ ಅಷ್ಟೇ. ಪೆಟ್ಟಿಗೆಯ ನಂಬರು, ಸೀಲು, ತೂಕ, ಕಾಗದಪತ್ರ ಇವು ಒಂದಕ್ಕೊಂದು ತಾಳೆಯಾಗುತ್ತವೆಯೇ ಎಂದು ಕ್ಷಣದಲ್ಲಿ ನೋಡಿಬಿಡುವುದು ತಂತ್ರಜ್ಞಾನದ ಹೆಚ್ಚುಗಾರಿಕೆ. ತಾಳೆ ನೋಡುವುದನ್ನು ಬಿಟ್ಟು ಯಾವುದೋ ಒಂದೇ ಸಾಕ್ಷಿಯ ಮಾತು ನಂಬಿದಾಗ ಸರಕು ಕೈಬಿಟ್ಟು ಹೋಗಿದೆ. ನಿಮ್ಮ ಕಾಫಿಯ ಜತೆಗೇ ಹೊರಟು ಈ ಸಾಕ್ಷಿಗಳನ್ನು ಒಂದೊಂದಾಗಿ ವಿಚಾರಿಸೋಣ.

ಇಪ್ಪತ್ತು ಅಡಿಯ ಕಂಟೇನರಿಗೆ ಸಾಮಾನ್ಯವಾಗಿ 60 ಕಿಲೋದ 320 ಗೋಣಿಚೀಲ ಕಾಫಿ ಹಿಡಿಸುತ್ತದೆ, ಅಂದರೆ 19.2 ಟನ್. ಬಾಗಿಲು ಮುಚ್ಚಿದ ಮೇಲೆ ಹೊರಗಿನಿಂದ ಎಲ್ಲ ಪೆಟ್ಟಿಗೆಗಳೂ ಒಂದೇ ಥರ. ಗುರುತು ಅಂತ ಇರುವುದು ಬಾಗಿಲ ಮೇಲೆ ಬರೆದ ನಂಬರು ಮಾತ್ರ: ನಾಲ್ಕು ಅಕ್ಷರ, ಆರು ಅಂಕಿ, ಕೊನೆಗೆ ಚೌಕದೊಳಗೆ ಒಂಟಿಯಾಗಿ ನಿಂತ ಇನ್ನೊಂದು ಅಂಕಿ. ಆ ಒಂಟಿ ಅಂಕಿಯ ಹೆಸರು ಚೆಕ್ ಡಿಜಿಟ್. ಪಠ್ಯಪುಸ್ತಕಗಳಲ್ಲಿ ಉದಾಹರಣೆಗೆ ಕೊಡುವ ನಂಬರು ‘ಸಿಎಸ್‌ಕ್ಯೂಯು 305438 3’. ಅಂತಾರಾಷ್ಟ್ರೀಯ ನಿಯಮದ ಪ್ರಕಾರ ಇಂಗ್ಲಿಷ್ ಅಕ್ಷರಗಳಿಗೆ 10ರಿಂದ ಶುರುಮಾಡಿ, 11, 22, 33 ಬಿಟ್ಟು, ಬೆಲೆ ಕೊಡುತ್ತಾರೆ. ಹಾಗಾಗಿ ಈ ನಾಲ್ಕು ಅಕ್ಷರಗಳ ಬೆಲೆ 13, 30, 28, 32. ಇವನ್ನೂ ಮುಂದಿನ ಆರು ಅಂಕಿಗಳನ್ನೂ ಸಾಲಾಗಿ 1, 2, 4, 8 ಹೀಗೆ 512ರ ತನಕ ಗುಣಿಸಿ ಕೂಡಿಸಿ. 6185 ಬರುತ್ತದೆ. 11ರಿಂದ ಭಾಗಿಸಿದರೆ ಉಳಿಯುವುದು 3. ಕೊನೆಯ ಅಂಕಿಯೂ 3, ಅಲ್ಲಿಗೆ ಸರಿಹೋಯಿತು. ಗುಮಾಸ್ತರು ಅವಸರದಲ್ಲಿ 4 ಮತ್ತು 3ನ್ನು ಅದಲುಬದಲು ಮಾಡಿ 305348 ಎಂದು ಟೈಪ್ ಮಾಡಿದರು ಅನ್ನಿ. ಮೊತ್ತ 6313 ಆಗುತ್ತದೆ, ಶೇಷ 10. ಹತ್ತು ಬಂದರೆ ಅದನ್ನು ಸೊನ್ನೆ ಎಂದು ಹಿಡಿಯಬೇಕು. ಇಲ್ಲಿ 3 ಇದೆ, ತಾಳೆಯಾಗಲಿಲ್ಲ. ಬಂದರಿನ ಗೇಟಿನಲ್ಲಿ ಕ್ಯಾಮೆರಾ ನಂಬರು ಓದಿದಾಗಲೂ ಕಂಪ್ಯೂಟರ್ ಇದೇ ಲೆಕ್ಕ ಹಾಕಿ ಒಳಗೆ ಬಿಡುತ್ತದೆ. ಆದರೆ ಈ ಸಾಕ್ಷಿ ಹಿಡಿಯುವುದು ಕೈತಪ್ಪನ್ನು ಮಾತ್ರ. ಬೇಕೆಂದೇ ಸುಳ್ಳು ನಂಬರು ಬರೆಯುವವನಿಗೂ ಕೂಡುವ ಭಾಗಿಸುವ ಲೆಕ್ಕ ಬರುತ್ತದೆ.

ಇನ್ನು ಸೀಲು. ಕಂಟೇನರಿಗೆ ಹಾಕುವ ಬೋಲ್ಟ್ ಸೀಲ್ ಎಂದರೆ ದಪ್ಪ ತಲೆಯ ಉಕ್ಕಿನ ಪಿನ್ನು, ಅದರ ತುದಿಗೆ ಒತ್ತಿ ಕೂರಿಸುವ ಒಂದು ಗುಂಡಿ. ಒಮ್ಮೆ ಕೂತರೆ ಬಿಚ್ಚಲು ಬರುವುದಿಲ್ಲ, ಕತ್ತರಿಸಿಯೇ ತೆಗೆಯಬೇಕು. ‘ಹೈ ಸೆಕ್ಯುರಿಟಿ’ ದರ್ಜೆಯದಾದರೆ ಸುಮಾರು ಒಂದು ಟನ್ ಎಳೆತ ತಡೆಯಬೇಕೆಂಬ ನಿಯಮವಿದೆ. ನಮ್ಮಲ್ಲಿ ಕಾರ್ಖಾನೆಯಲ್ಲೇ ತುಂಬಿಸುವ ರಫ್ತು ಕಂಟೇನರಿಗೆ ಮೊದಲು ಎಕ್ಸೈಸ್ ಅಧಿಕಾರಿ ಎದುರಿಗಿದ್ದು ಸೀಲ್ ಹಾಕಿಸುತ್ತಿದ್ದರು. 2017ರ ಜುಲೈನಲ್ಲಿ ಜಿಎಸ್‌ಟಿ ಬಂದಾಗ ಆ ಪದ್ಧತಿ ಹೋಯಿತು. ರಫ್ತುದಾರರೇ ಸೀಲ್ ಹಾಕಿಕೊಳ್ಳಲಿ, ಆದರೆ ಆರ್‌ಎಫ್‌ಐಡಿ ಚಿಪ್ ಇರುವ ಎಲೆಕ್ಟ್ರಾನಿಕ್ ಸೀಲನ್ನೇ ಹಾಕಲಿ ಎಂದು ಕಸ್ಟಮ್ಸ್ ಇಲಾಖೆ ಅದೇ ವರ್ಷ ಹೊಸ ವ್ಯವಸ್ಥೆ ತಂದಿತು. ಸೀಲ್ ಹಾಕಿದ ದಿನ, ಗಂಟೆ, ಸೀಲಿನ ನಂಬರು, ಕಂಟೇನರ್ ನಂಬರು, ಶಿಪ್ಪಿಂಗ್ ಬಿಲ್ ನಂಬರು, ಲಾರಿ ನಂಬರು ಎಲ್ಲವನ್ನೂ ರಫ್ತುದಾರರು ಆನ್‌ಲೈನಿನಲ್ಲಿ ದಾಖಲಿಸಬೇಕು. ಬಂದರಿನಲ್ಲಿ ಅಧಿಕಾರಿಯ ಕೈಯಲ್ಲಿರುವ ರೀಡರ್ ಸೀಲನ್ನು ಓದುತ್ತದೆ. ಸೀಲು ಕತ್ತರಿಸಿದ್ದರೆ ಅದು ಗೊತ್ತಾಗುತ್ತದೆ. ಬೇರೆ ಸೀಲ್ ಹಾಕಿ ತಂದಿದ್ದರೆ ನಂಬರು ದಾಖಲೆಗೆ ಹೊಂದುವುದಿಲ್ಲ.

ಇಲ್ಲಿ ಎರಡು ಮಾತು ನೆನಪಿಡಬೇಕು. ಮೊದಲನೆಯದು, ಈ ಚಿಪ್ಪಿನಲ್ಲಿ ಬ್ಯಾಟರಿ ಇರುವುದಿಲ್ಲ. ರೀಡರಿನ ಅಲೆ ಬಂದು ತಾಗಿದಾಗಷ್ಟೇ ಉತ್ತರ ಕೊಡುತ್ತದೆ, ಮಿಕ್ಕ ಹೊತ್ತು ಸುಮ್ಮನಿರುತ್ತದೆ. ಹಾಸನದಲ್ಲಿ ಹಾಕಿದ ಸೀಲು ಮಂಗಳೂರಿನಲ್ಲಿ ಬಾಯಿ ಬಿಟ್ಟು ‘ನಾನು ಸರಿಯಿದ್ದೇನೆ’ ಎನ್ನಬಹುದು, ನಡುವೆ ಶಿರಾಡಿ ಘಾಟಿಯಲ್ಲಿ ಲಾರಿ ಎಷ್ಟು ಹೊತ್ತು ನಿಂತಿತ್ತು ಎಂಬುದು ಅದಕ್ಕೆ ಗೊತ್ತಿಲ್ಲ. ನೀವು ಮೊಬೈಲಿನಲ್ಲಿ ನೋಡುವುದು ಬಹುಶಃ ಲಾಜಿಸ್ಟಿಕ್ಸ್ ಡೇಟಾ ಬ್ಯಾಂಕಿನ ಮಾಹಿತಿ. 2016ರಲ್ಲಿ ನವಿ ಮುಂಬೈಯ ಜವಾಹರಲಾಲ್ ನೆಹರು ಬಂದರಿನಲ್ಲಿ ಶುರುವಾದ ಈ ವ್ಯವಸ್ಥೆ ಕಂಟೇನರಿಗೆ ಅಂಟಿಸಿದ ಟ್ಯಾಗನ್ನು ಬಂದರಿನ ಗೇಟು, ಟೋಲ್ ಪ್ಲಾಜಾ, ಒಳನಾಡಿನ ಕಂಟೇನರ್ ಡಿಪೊಗಳಲ್ಲಿ ಓದುತ್ತದೆ. ಎರಡು ರೀಡರ್‌ಗಳ ನಡುವಿನ ಹಾದಿ ಅದಕ್ಕೆ ಕಾಣುವುದಿಲ್ಲ. ಆ ಹಾದಿಯೂ ಕಾಣಬೇಕಾದರೆ ಲಾರಿಗೋ ಕಂಟೇನರಿಗೋ ಜಿಪಿಎಸ್ ಬೇಕು. ಕೋಲ್ಕತ್ತದಿಂದ ನೇಪಾಳಕ್ಕೆ ಹೋಗುವ ಸರಕಿಗೆ ಜಿಪಿಎಸ್ ಇರುವ ಎಲೆಕ್ಟ್ರಾನಿಕ್ ಬೀಗ ಹಾಕಿ ಕಳಿಸುವ ಪದ್ಧತಿ ಇದೆ. ಘಾಟಿಯಲ್ಲಿ ನೆಟ್‌ವರ್ಕ್ ಸಿಗದಿದ್ದರೆ ಒಳ್ಳೆಯ ಯಂತ್ರ ಆ ಹೊತ್ತಿನ ದಾಖಲೆ ಇಟ್ಟುಕೊಂಡಿದ್ದು, ನೆಟ್‌ವರ್ಕ್ ಬಂದಾಗ ಒಟ್ಟಿಗೆ ಕಳಿಸುತ್ತದೆ.

ಎರಡನೆಯ ಮಾತೇ ನಿಮಗೆ ಮುಖ್ಯವಾದದ್ದು: ಸೀಲನ್ನು ಮುಟ್ಟದೆಯೂ ಬಾಗಿಲು ತೆಗೆಯಬಹುದು. ಸೀಲು ಕೂರುವುದು ಬಾಗಿಲ ಹಿಡಿಕೆಯ ಕೊಂಡಿಯಲ್ಲಿ. ಆ ಹಿಡಿಕೆ ಸರಳಿಗೆ ಸೇರಿರುವುದು ಒಂದು ರಿವೆಟ್ಟಿನಿಂದ. ಪಳಗಿದ ಕಳ್ಳ ಸೀಲಿನ ತಂಟೆಗೇ ಹೋಗುವುದಿಲ್ಲ. ರಿವೆಟ್ ಕೊರೆದು ಹಿಡಿಕೆ ಬಿಡಿಸಿ, ಸರಳು ತಿರುಗಿಸಿ ಬಾಗಿಲು ತೆಗೆಯುತ್ತಾನೆ. ಬೇಕಾದಷ್ಟು ಚೀಲ ಇಳಿಸಿ, ಹೊಸ ರಿವೆಟ್ ಹಾಕಿ, ಮೇಲೊಂದು ಕೈ ಬಣ್ಣ ಬಳಿಯುತ್ತಾನೆ. ಬಂದರಿನಲ್ಲಿ ರೀಡರ್ ಹಿಡಿದರೆ ಸೀಲು ಸರಿಯಾಗಿದೆ ಎಂದೇ ಹೇಳುತ್ತದೆ, ಮತ್ತು ಅದು ಹೇಳುವುದು ನಿಜವೂ ಹೌದು. ಅದನ್ನು ಕೇಳಿದ್ದು ಸೀಲಿನ ವಿಷಯ, ಬಾಗಿಲಿನ ವಿಷಯವಲ್ಲ.

ಆಗ ಮುಂದಿನ ಸಾಕ್ಷಿ ತೂಕ. 2016ರ ಜುಲೈ 1ರಿಂದ ಜಗತ್ತಿನಾದ್ಯಂತ ತೂಕ ದೃಢೀಕರಿಸದ ಕಂಟೇನರನ್ನು ಹಡಗಿಗೆ ಏರಿಸುವಂತಿಲ್ಲ. ಹಡಗು ವಾಲಬಾರದು, ಪೇರಿಸಿದ ಪೆಟ್ಟಿಗೆಗಳು ಕುಸಿಯಬಾರದು ಎಂಬುದು ಆ ನಿಯಮದ ಉದ್ದೇಶ. ಆದರೆ ಕಳ್ಳತನ ಹಿಡಿಯಲೂ ಅದು ಒದಗುತ್ತದೆ. ಕ್ಯೂರಿಂಗ್ ವರ್ಕ್ಸ್‌ನ ವೇಬ್ರಿಡ್ಜ್ ಚೀಟಿಗೂ ಬಂದರಿನ ತೂಕಕ್ಕೂ ಆರು ನೂರು ಕಿಲೋ ವ್ಯತ್ಯಾಸ ಬಂದರೆ ಹತ್ತು ಚೀಲ ಎಲ್ಲೋ ಇಳಿದಿದೆ ಎಂದೇ ಅರ್ಥ.

ತೂಕಕ್ಕೂ ಮೋಸ ಮಾಡಬಹುದು. 2020ರಲ್ಲಿ ಮರ್ಕ್ಯುರಿಯಾ ಎಂಬ ದೊಡ್ಡ ವ್ಯಾಪಾರಿ ಸಂಸ್ಥೆ ಟರ್ಕಿಯಿಂದ ಸುಮಾರು 3.6 ಕೋಟಿ ಡಾಲರ್ ಬೆಲೆಯ ತಾಮ್ರ ಕೊಂಡಿತು. ಕಂಟೇನರಿಗೆ ತಾಮ್ರ ತುಂಬುವುದನ್ನು ತಪಾಸಣೆಯವರು ಕಣ್ಣಾರೆ ನೋಡಿ ಸೀಲ್ ಹಾಕಿಸಿದರು. ರಾತ್ರೋರಾತ್ರಿ ಆ ಸೀಲುಗಳು ಹೋದವು, ತಾಮ್ರವೂ ಹೋಯಿತು. ಅದರ ಜಾಗಕ್ಕೆ ತಾಮ್ರದ ಬಣ್ಣ ಬಳಿದ ನೆಲಹಾಸು ಕಲ್ಲುಗಳು ಬಂದವು. ನಕಲಿ ಸೀಲುಗಳನ್ನು ಹಿಂದೆಮುಂದೆ ಬದಲಿಸಿ ತಪಾಸಣೆಯವರ ಕಣ್ಣು ತಪ್ಪಿಸಿದ್ದರು. ಹಡಗು ಚೀನಾ ಮುಟ್ಟಿ ಪೆಟ್ಟಿಗೆ ತೆರೆಯುವ ಹೊತ್ತಿಗೆ ಹಣದ ಬಹುಪಾಲು ಪಾವತಿಯಾಗಿತ್ತು. ಕಲ್ಲು ತೂಕ ತೋರಿಸಿತು, ಸೀಲು ಸೀಲಿನಂತೆಯೇ ಕಂಡಿತು, ಕಾಗದವೂ ಸರಿಯಾಗಿತ್ತು. ಸೀಲಿನ ನಂಬರು ಹಾಕಿದ ಗಳಿಗೆಯಲ್ಲೇ ಮೂರನೆಯವರ ದಾಖಲೆಗೆ ಸೇರಿ, ಪ್ರತಿ ಕೈಬದಲಿನಲ್ಲೂ ಅದನ್ನು ಯಂತ್ರ ಓದುವಂತಿದ್ದರೆ ಈ ಅದಲುಬದಲು ಇಷ್ಟು ಸಲೀಸಾಗುತ್ತಿರಲಿಲ್ಲ. ಎಲೆಕ್ಟ್ರಾನಿಕ್ ಸೀಲಿನ ನಿಜವಾದ ಬೆಲೆ ಅಲ್ಲಿದೆ, ಅದರ ಉಕ್ಕಿನಲ್ಲಲ್ಲ.

ಇದುವರೆಗೆ ಹೇಳಿದ್ದು ಒಳಗಿನದು ಹೊರಗೆ ಹೋಗುವ ಕಥೆ. ಹೊರಗಿನದು ಒಳಗೆ ಸೇರಿಕೊಳ್ಳುವ ಕಥೆಯೂ ಇದೆ, ಅದು ಇನ್ನೂ ಅಪಾಯದ್ದು. 2021ರ ಸೆಪ್ಟೆಂಬರಿನಲ್ಲಿ ಗುಜರಾತಿನ ಮುಂದ್ರಾ ಬಂದರಿನಲ್ಲಿ ಎರಡು ಕಂಟೇನರ್‌ಗಳಿಂದ 2,988 ಕಿಲೋ ಹೆರಾಯಿನ್ ಸಿಕ್ಕಿತು. ಅಫ್ಘಾನಿಸ್ತಾನದಿಂದ ಇರಾನಿನ ಬಂದರ್ ಅಬ್ಬಾಸ್ ಮೂಲಕ ಬಂದ ಸರಕು ಅದು, ಕಾಗದದಲ್ಲಿ ಇದ್ದದ್ದು ಟಾಲ್ಕ್ ಕಲ್ಲು ಎಂದು. ಪೆಟ್ಟಿಗೆ ತುಂಬಿದವನೇ ಸುಳ್ಳು ಬರೆದಿದ್ದರೆ ಸೀಲು ಆ ಸುಳ್ಳನ್ನೇ ಭದ್ರವಾಗಿ ಕಾಯುತ್ತದೆ. ಹಾಗೆಂದು ಬಂದ ಪೆಟ್ಟಿಗೆಗಳನ್ನೆಲ್ಲ ತೆರೆಯುತ್ತ ಕೂತರೆ ಬಂದರು ವಾರದೊಳಗೆ ಕಟ್ಟಿಹೋಗುತ್ತದೆ. ಯುರೋಪಿನ ಬಂದರುಗಳಲ್ಲೂ ಕೈಯಾರೆ ಪರೀಕ್ಷಿಸುವುದು ನೂರಕ್ಕೆ ಕೆಲವನ್ನು ಮಾತ್ರ. ಯಾವುದನ್ನು ತೆರೆಯಬೇಕು ಎಂದು ಆರಿಸುವ ಕೆಲಸವನ್ನು ಈಗ ಕಂಪ್ಯೂಟರಿಗೆ ಕೊಟ್ಟಿದ್ದಾರೆ. ಕಳಿಸಿದವರು ಯಾರು, ಹಿಂದೆ ಏನು ಕಳಿಸಿದ್ದರು, ಈ ಸರಕು ಈ ದಾರಿಯಲ್ಲಿ ಬರುವುದು ಸಹಜವೇ, ಬೆಲೆಗೂ ತೂಕಕ್ಕೂ ಹೊಂದುತ್ತದೆಯೇ ಎಂದು ನೋಡಿ ಅದು ಅನುಮಾನದ ಪಟ್ಟಿ ಕೊಡುತ್ತದೆ. ಭಾರತದ ಕಸ್ಟಮ್ಸ್‌ನಲ್ಲಿ ಇಂಥ ವ್ಯವಸ್ಥೆ 2005ರಿಂದ ಇದೆ. 2001ರ ಸೆಪ್ಟೆಂಬರ್ ದಾಳಿಯ ನಂತರ ಅಮೆರಿಕ ಒಂದು ಹೆಜ್ಜೆ ಮುಂದೆ ಹೋಗಿ, ತನ್ನಲ್ಲಿಗೆ ಬರುವ ಸರಕಿನ ವಿವರ ಹಡಗಿಗೆ ಏರಿಸುವ 24 ಗಂಟೆ ಮೊದಲೇ ತನಗೆ ತಲುಪಬೇಕೆಂದು ನಿಯಮ ಮಾಡಿತು.

ಸುಳ್ಳು ವಿವರದ ಬೆಲೆ ತೆರುವವರು ಹಡಗಿನ ಕೆಲಸಗಾರರು. ಬೇಗ ಹೊತ್ತಿಕೊಳ್ಳುವ ಸರಕನ್ನು, ಬಾಡಿಗೆ ಉಳಿಸಲು, ಸಾಧಾರಣ ಸರಕು ಎಂದು ಬರೆಸುವವರು ಎಲ್ಲ ದೇಶಗಳಲ್ಲೂ ಇದ್ದಾರೆ. 2025ರ ಜೂನ್ 9ರಂದು ಕೇರಳದ ಆಚೆ ‘ವಾನ್ ಹೈ 503’ ಹಡಗಿಗೆ ಬೆಂಕಿ ಬಿದ್ದಾಗ ಪಾರಾದ 18 ಮಂದಿಯನ್ನು ನೌಕಾಪಡೆ ಕರೆತಂದದ್ದು ನಮ್ಮ ಮಂಗಳೂರಿಗೇ. ನಾಲ್ವರು ಕಾಣೆಯಾದರು. ಅಂಥ ಹೊತ್ತಿನಲ್ಲಿ ಬೆಂಕಿ ಆರಿಸಲು ಹೋದವರಿಗೆ ಮೊದಲು ಬೇಕಾಗುವುದು ಯಾವ ಪೆಟ್ಟಿಗೆಯಲ್ಲಿ ಏನಿದೆ ಎಂಬ ನಿಜವಾದ ಪಟ್ಟಿ. ಅದೇ ವರ್ಷದ ಸೆಪ್ಟೆಂಬರಿನಲ್ಲಿ ಹಡಗು ಕಂಪನಿಗಳ ಒಕ್ಕೂಟವಾದ ವರ್ಲ್ಡ್ ಶಿಪ್ಪಿಂಗ್ ಕೌನ್ಸಿಲ್, ಬುಕಿಂಗ್ ವಿವರಗಳಲ್ಲಿ ಇಂಥ ಸುಳ್ಳು ಹುಡುಕಲು ಕೃತಕ ಬುದ್ಧಿಮತ್ತೆ ಬಳಸುವ ಕಾರ್ಯಕ್ರಮ ಶುರುಮಾಡಿತು.

ಕಾಫಿಗೆ ಹಿಂತಿರುಗೋಣ. ಇಟಲಿ, ಜರ್ಮನಿಯ ಜತೆಗೆ ಬೆಲ್ಜಿಯಂ ಕೂಡ ನಮ್ಮ ಕಾಫಿಗೆ ದೊಡ್ಡ ಗಿರಾಕಿ. ಅಲ್ಲಿನ ಆಂಟ್‌ವರ್ಪ್ ಜಗತ್ತಿನ ಬಹುದೊಡ್ಡ ಕಾಫಿ ದಾಸ್ತಾನಿನ ಬಂದರು. ಡಿಜಿಟಲ್ ಕಳ್ಳತನದ ಇತಿಹಾಸದಲ್ಲೂ ಅದಕ್ಕೆ ದೊಡ್ಡ ಹೆಸರಿದೆ. ಅಲ್ಲಿ ಕಂಟೇನರ್ ಬಿಡಿಸಿಕೊಳ್ಳಲು ಒಂದು ಪಿನ್ ಕೋಡ್ ಕೊಡುವ ಪದ್ಧತಿ ಇತ್ತು. ಲಾರಿಯವನು ಗೇಟಿನಲ್ಲಿ ಆ ಕೋಡ್ ಕೊಟ್ಟರೆ ಪೆಟ್ಟಿಗೆ ಅವನ ಪಾಲಿಗೆ. 2011ರಿಂದ ಸುಮಾರು ಎರಡು ವರ್ಷ ಮಾದಕವಸ್ತುವಿನ ಒಂದು ಜಾಲ ಇದನ್ನೇ ಹಿಡಿಯಿತು. ದಕ್ಷಿಣ ಅಮೆರಿಕದಿಂದ ಬರುವ ಬಾಳೆಹಣ್ಣು, ಮರದ ಕಂಟೇನರ್‌ಗಳಲ್ಲಿ ಮಾಲು ಅಡಗಿಸುವುದು, ಹ್ಯಾಕರುಗಳಿಂದ ಬಂದರಿನ ಕಂಪನಿಗಳ ಕಂಪ್ಯೂಟರ್‌ಗೆ ನುಗ್ಗಿಸಿ ಪೆಟ್ಟಿಗೆ ಎಲ್ಲಿದೆ, ಕೋಡ್ ಏನು ಎಂದು ತಿಳಿದುಕೊಳ್ಳುವುದು, ಅಸಲಿ ಮಾಲೀಕರ ಲಾರಿಗಿಂತ ಮೊದಲೇ ತಮ್ಮ ಲಾರಿ ಕಳಿಸುವುದು. ಶುರುವಿನಲ್ಲಿ ನೌಕರರಿಗೆ ವೈರಸ್ ಇರುವ ಇಮೇಲ್ ಕಳಿಸಿ ಒಳನುಗ್ಗಿದ್ದರು. ಅದು ಗೊತ್ತಾಗಿ ಕಂಪನಿಗಳು ಫೈರ್‌ವಾಲ್ ಹಾಕಿದವು. ಚಾಪೆ ಕೆಳಗೆ ತೂರಿದರೆ ರಂಗೋಲಿ ಕೆಳಗೆ ತೂರುವ ಜನ ಅವರು. ರಾತ್ರಿ ಕಚೇರಿಗೇ ಕನ್ನ ಹಾಕಿ, ಟೈಪ್ ಮಾಡಿದ್ದನ್ನೆಲ್ಲ ಕದಿಯುವ ಸಣ್ಣ ಸಾಧನಗಳನ್ನು ಕಂಪ್ಯೂಟರ್‌ಗಳಿಗೆ ಸಿಕ್ಕಿಸಿ ಬಂದರು. ಇಡೀ ಕಂಟೇನರ್‌ಗಳೇ ಕಾಣೆಯಾಗತೊಡಗಿದ ಮೇಲೆ ಅನುಮಾನ ಹುಟ್ಟಿತು. 2013ರಲ್ಲಿ ಪೊಲೀಸರು ದಾಳಿ ಮಾಡಿದಾಗ ಸುಮಾರು ಒಂದು ಟನ್ ಕೊಕೇನ್, ಹೆಚ್ಚುಕಡಿಮೆ ಅಷ್ಟೇ ಹೆರಾಯಿನ್, ಬಂದೂಕುಗಳು, ಸೂಟ್‌ಕೇಸ್ ತುಂಬ ನಗದು ಸಿಕ್ಕಿದವು.

ಆಂಟ್‌ವರ್ಪ್‌ನಲ್ಲಿ ಪೆಟ್ಟಿಗೆ ಒಯ್ಯಲು ಯಾರೂ ಸೀಲ್ ಮುರಿಯಬೇಕಾಗಲಿಲ್ಲ, ಬೇಲಿ ಹಾರಬೇಕಾಗಲಿಲ್ಲ. ಗೇಟು ಕೇಳುತ್ತಿದ್ದದ್ದು ಒಂದೇ ಪ್ರಶ್ನೆ, ಕೋಡ್ ಏನು ಅಂತ. ಅದಕ್ಕೆ ಸರಿಯುತ್ತರ ಕೊಟ್ಟರು, ಗೇಟು ತೆರೆಯಿತು. ಆ ಕೋಡ್ ಹಡಗು ಕಂಪನಿ, ಏಜೆಂಟ್, ಲಾರಿ ಮಾಲೀಕ, ಡ್ರೈವರ್ ಹೀಗೆ ಹಲವರ ಇಮೇಲಿನಲ್ಲಿ ಹಾದುಬರುತ್ತಿತ್ತು. ಅವರಲ್ಲಿ ಒಬ್ಬರಿಗೆ ಲಂಚ ಕೊಟ್ಟರೂ ಸಾಕಿತ್ತು. ಹೀಗೆ ಕೋಡ್ ಕದಿಯುವುದು ಮುಂದುವರಿದೇ ಇದೆ ಎಂದು ಯುರೋಪಿನ ಪೊಲೀಸ್ ಸಂಸ್ಥೆ ಯುರೋಪೋಲ್ 2023ರ ವರದಿಯಲ್ಲೂ ಹೇಳಿತು. ಹಾಗಾಗಿ ಆಂಟ್‌ವರ್ಪ್ ಮತ್ತು ಪಕ್ಕದ ರಾಟರ್‌ಡ್ಯಾಮ್ ಬಂದರುಗಳು ಕೋಡ್ ಹಂಚುವುದನ್ನು ಬಿಟ್ಟು ಬೇರೆ ದಾರಿಗೆ ಹೊರಳಿವೆ. ಪೆಟ್ಟಿಗೆ ಬಿಡಿಸಿಕೊಳ್ಳುವ ಹಕ್ಕನ್ನು ಹಡಗು ಕಂಪನಿ ನೋಂದಾಯಿತ ಏಜೆಂಟರಿಗೆ, ಏಜೆಂಟರು ನೋಂದಾಯಿತ ಸಾಗಣೆದಾರರಿಗೆ ವ್ಯವಸ್ಥೆಯೊಳಗೇ ದಾಟಿಸಬೇಕು. ಯಾರು ಯಾವ ಹೊತ್ತಿಗೆ ದಾಟಿಸಿದರು ಎಂಬುದೂ ಉಳಿಯುತ್ತದೆ. ಗುಟ್ಟಿನ ಸಂಖ್ಯೆ ಗೊತ್ತಿದ್ದರೆ ಸಾಲದು, ಗೊತ್ತಿರಬೇಕಾದ ವ್ಯಕ್ತಿಯೇ ಆಗಿರಬೇಕು.

ಎಲ್ಲ ಸಾಕ್ಷಿಗಳೂ ಒಂದೇ ಕಂಪ್ಯೂಟರಿನಲ್ಲಿ ಕೂತರೆ ಇನ್ನೊಂದು ತೊಂದರೆ. 2017ರ ಜೂನ್ 27ರಂದು ‘ನಾಟ್‌ಪೆಟ್ಯಾ’ ಎಂಬ ವೈರಸ್ ಮರ್ಸ್ಕ್ ಎಂಬ ಹಡಗು ಕಂಪನಿಯ ಜಾಲಕ್ಕೆ ಹೊಕ್ಕಿತು. ಯುಕ್ರೇನನ್ನು ಗುರಿಮಾಡಿ ಬಿಟ್ಟದ್ದು ಅದು, ಸಿಕ್ಕವರನ್ನೆಲ್ಲ ಹೊಡೆಯಿತು. ನವಿ ಮುಂಬೈಯಲ್ಲಿ ಆ ಸಮೂಹ ನಡೆಸುವ ಟರ್ಮಿನಲ್ ಕೂಡ ತತ್ತರಿಸಿತು. ಹತ್ತು ದಿನಗಳಲ್ಲಿ 4,000 ಸರ್ವರ್, 45,000 ಕಂಪ್ಯೂಟರ್‌ಗಳಿಗೆ ಹೊಸದಾಗಿ ಜೀವ ತುಂಬಬೇಕಾಯಿತು ಎಂದು ಕಂಪನಿಯ ಅಧ್ಯಕ್ಷರೇ ಆಮೇಲೆ ಹೇಳಿದರು. ನಷ್ಟ 25ರಿಂದ 30 ಕೋಟಿ ಡಾಲರ್. ಜಾಲದ ಮುಖ್ಯ ದಾಖಲೆಯ ಒಂದು ಪ್ರತಿ ಘಾನಾದ ಕಚೇರಿಯಲ್ಲಿ ಉಳಿದಿತ್ತು. ವೈರಸ್ ಹರಡಿದ ಹೊತ್ತಿನಲ್ಲಿ ಅಲ್ಲಿ ಕರೆಂಟ್ ಹೋಗಿತ್ತು, ಅಷ್ಟೇ ಕಾರಣ. ಬಂದರುಗಳಲ್ಲಿ ಕಾಗದದ ಪ್ರತಿ, ಬೇರೆ ಕಡೆ ಇಟ್ಟ ಬ್ಯಾಕಪ್ ಬೇಕೇ ಬೇಕು ಎನ್ನುವವರನ್ನು ಹಳೇಕಾಲದವರೆಂದು ನಗುವಂತಿಲ್ಲ.

ಇಡೀ ವ್ಯವಹಾರವನ್ನು ಬ್ಲಾಕ್‌ಚೈನಿನಲ್ಲಿ, ಅಂದರೆ ಯಾರೊಬ್ಬರೂ ತಿದ್ದಲಾಗದ ಹಂಚಿಕೆಯ ದಾಖಲೆಯಲ್ಲಿ, ಇಟ್ಟರೆ ಎಲ್ಲ ಸರಿಹೋಗುತ್ತದೆ ಎಂಬ ಮಾತೂ ನಿಮ್ಮ ಕಿವಿಗೆ ಬಿದ್ದಿರಬಹುದು. ಮರ್ಸ್ಕ್ ಮತ್ತು ಐಬಿಎಂ ಸೇರಿ 2018ರಲ್ಲಿ ‘ಟ್ರೇಡ್‌ಲೆನ್ಸ್’ ಎಂಬ ವೇದಿಕೆಯನ್ನು ಭಾರೀ ಸದ್ದಿನೊಂದಿಗೆ ತಂದವು, 2022ರ ನವೆಂಬರಿನಲ್ಲಿ ಮುಚ್ಚುವುದಾಗಿ ಹೇಳಿದವು. ತಂತ್ರಜ್ಞಾನ ಕೆಲಸ ಮಾಡುತ್ತಿತ್ತು, ಆದರೆ ಉದ್ಯಮದ ಎಲ್ಲರೂ ಒಂದೇ ಚಾವಡಿಗೆ ಬಂದು ಕೂರಲಿಲ್ಲ. ಅದಕ್ಕಿಂತ ಗಟ್ಟಿಯಾದ ಬದಲಾವಣೆ, ಸರಕಿಗೆ ಹಡಗು ಕಂಪನಿ ಕೊಡುವ ಒಡೆತನದ ಕಾಗದವಾದ ಬಿಲ್ ಆಫ್ ಲೇಡಿಂಗ್‌ನಲ್ಲಿ ಆಗುತ್ತಿದೆ. ಆ ಕಾಗದ ಯಾರ ಕೈಯಲ್ಲಿದೆಯೋ ಸರಕು ಅವರದು. ಹಾಗಾಗಿ ನಕಲಿ ಬಿಲ್ಲಿನ ಮೋಸವೂ ಹಳೆಯದೇ. ಎಲೆಕ್ಟ್ರಾನಿಕ್ ಬಿಲ್ಲಿಗೆ ಕಾಗದದಷ್ಟೇ ಮಾನ್ಯತೆ ಕೊಡುವ ಕಾಯ್ದೆಯನ್ನು ಬ್ರಿಟನ್ 2023ರಲ್ಲಿ ಮಾಡಿತು. ದೊಡ್ಡ ಕಂಟೇನರ್ ಕಂಪನಿಗಳ ಒಂದು ಕೂಟ 2030ರೊಳಗೆ ಪೂರ್ತಿ ಎಲೆಕ್ಟ್ರಾನಿಕ್ ಬಿಲ್ಲಿಗೆ ಬರುವುದಾಗಿ ಮಾತು ಕೊಟ್ಟಿದೆ.

ನೀವು ಸೇರಿ ರಫ್ತು ಮಾಡುವುದಾದರೆ ಮೊದಲು ನೋಡಬೇಕಾದದ್ದು ಒಪ್ಪಂದ. ಹಳೆಯ ರೂಢಿಯಂತೆ ಎಫ್‌ಒಬಿ ಲೆಕ್ಕದಲ್ಲಿ ಮಾರಿದರೆ ಸರಕು ಹಡಗಿನ ಮೇಲೆ ಏರುವ ತನಕ ನಷ್ಟದ ಹೊಣೆ ನಿಮ್ಮದು. ಶಿರಾಡಿ ಘಾಟಿಯಲ್ಲಿ ಚೀಲ ಇಳಿದರೆ ನಿಮ್ಮ ತಲೆಗೇ ಬರುತ್ತದೆ. ಕಂಟೇನರ್ ಸರಕಿಗೆ ಎಫ್‌ಸಿಎ ಎಂಬ ಕರಾರು ಹೆಚ್ಚು ಹೊಂದುತ್ತದೆ. ಅದರಲ್ಲಿ, ಒಪ್ಪಿದ ಜಾಗದಲ್ಲಿ ಸಾಗಣೆದಾರರ ಕೈಗೆ ಒಪ್ಪಿಸಿದ ಗಳಿಗೆಗೆ ನಿಮ್ಮ ಹೊಣೆ ಮುಗಿಯುತ್ತದೆ. ಯಾವುದೇ ಆಗಲಿ, ಆ ಗಳಿಗೆಯಲ್ಲಿ ಎಲ್ಲ ಸರಿಯಿತ್ತು ಎಂದು ತೋರಿಸುವ ಭಾರ ನಿಮ್ಮ ಮೇಲಿರುತ್ತದೆ.

ಅದಕ್ಕೆ ದುಬಾರಿ ಯಂತ್ರ ಬೇಡ. ಸೀಲ್ ಹಾಕಿದ ಕೂಡಲೇ ಸೀಲಿನ ನಂಬರು, ಹಿಡಿಕೆಯ ರಿವೆಟ್ಟು, ಬಾಗಿಲ ಕೀಲು ಮೂರೂ ಕಾಣುವಂತೆ ಮೊಬೈಲಿನಲ್ಲಿ ಚಿತ್ರ ತೆಗೆಯಿರಿ. ಬಂದರಿನಲ್ಲಿ ನಿಮ್ಮ ಕ್ಲಿಯರಿಂಗ್ ಏಜೆಂಟರಿಂದ ಅದೇ ಮೂರರ ಚಿತ್ರ ಮತ್ತೆ ತರಿಸಿ, ಹೊಸ ಬಣ್ಣ ಕಂಡರೆ ಅಲ್ಲೇ ತಡೆಯಿರಿ. ಎರಡೂ ಕಡೆಯ ತೂಕದ ಚೀಟಿ ಜೋಡಿಸಿಡಿ. ಲಾರಿಯ ಜಿಪಿಎಸ್‌ನಲ್ಲಿ ಎಲ್ಲಿದೆ ಎಂದು ನೋಡುವುದಕ್ಕಿಂತ ಎಲ್ಲಿ ಎಷ್ಟು ಹೊತ್ತು ನಿಂತಿತ್ತು ಎಂದು ನೋಡಿ. ಬುಕಿಂಗ್ ನಂಬರು, ಕಂಟೇನರ್ ನಂಬರು, ಬಿಲ್ಲಿನ ಪ್ರತಿಯನ್ನು ವಾಟ್ಸ್‌ಆ್ಯಪ್ ಗುಂಪಿಗೆ ಹಾಕಬೇಡಿ. ಬ್ಯಾಂಕ್ ಖಾತೆ ಬದಲಾಗಿದೆ ಎಂದು ಇಮೇಲ್ ಬಂದರೆ ನಿಮ್ಮಲ್ಲಿರುವ ಹಳೆಯ ನಂಬರಿಗೆ ಫೋನ್ ಮಾಡಿ ಕೇಳದೆ ಒಂದು ರೂಪಾಯಿಯನ್ನೂ ಕಳಿಸಬೇಡಿ. ಇಷ್ಟು ಮಾಡಿದರೂ ಕಳ್ಳತನ ಆಗುವುದೇ ಇಲ್ಲ ಎನ್ನಲಾರೆ. ಆದರೆ ಒಂದು ವೇಳೆ ಆದರೂ, ಅದು ಯಾವ ಎರಡು ಜಾಗಗಳ ನಡುವೆ, ಯಾರ ಕೈಯಲ್ಲಿದ್ದಾಗ ಆಯಿತು ಎಂದು ನೀವು ತೋರಿಸಬಲ್ಲಿರಿ. ವಿಮೆ ಕಂಪನಿ ಕೇಳುವ ಮೊದಲ ಪ್ರಶ್ನೆಯೂ ಅದೇ.